ಮೇಕೆ ದೆವ್ವದ ಸ್ವಂತ ದನಿ

ಮಾರ್ಚ್ 3, ಸೋಮವಾರ

ಅಕ್ಕನ ಕೊರಳಿನ ನಳಿಕೆ ತೊಳೆದು, ಕುದಿಸಿ, ಒಣಗಲು ಇಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು. ಗೊತ್ತಿಲ್ಲದ ನಂಬರು. ಎತ್ತಬಾರದಿತ್ತು. ಎತ್ತಿದೆ.

"ಮೇಡಂ, ಮೇಕೆ ದೆವ್ವಕ್ಕೆ ಕಂಟಿನ್ಯುಯಿಟಿ ನೋಡ್ಕೊಂಡಿದ್ದು ನೀವೇ ಅಲ್ವಾ?"

ಆ ಸಿನಿಮಾಕ್ಕೆ ಒಂದು ಒಳ್ಳೆಯ ಹೆಸರಿತ್ತು. ಈಗ ಯಾರ ಬಾಯಲ್ಲೂ ಇಲ್ಲ. ನಲವತ್ತು ವರ್ಷದಿಂದ ಅದು ಮೇಕೆ ದೆವ್ವ. ಟೀ ಶರ್ಟಿನ ಮೇಲೆ, ಕಾಲೇಜಿನ ಗೋಡೆಯ ಮೇಲೆ, ಮೊಬೈಲಿನ ರಿಂಗ್‌ಟೋನಿನಲ್ಲಿ. ಆಗಾಗ ಯಾವುದಾದರೂ ಥಿಯೇಟರಿನಲ್ಲಿ ಹಾಕುತ್ತಾರೆ. ಹುಡುಗ ಹುಡುಗಿಯರು ಬಿಳಿ ಗೌನು ತೊಟ್ಟು ಹೋಗುತ್ತಾರೆ. ಪರದೆಯ ಮೇಲೆ ದೆವ್ವ ಬಾಯಿ ತೆರೆದ ಕೂಡಲೇ ಇಡೀ ಹಾಲು ಒಟ್ಟಿಗೆ ಮೇಕೆಯ ಹಾಗೆ ಅರಚುತ್ತದೆ.

ಆ ದೆವ್ವ ನನ್ನ ಅಕ್ಕ. ಆ ದನಿ ಮಾತ್ರ ಅವಳದಲ್ಲ.

"ಅಲ್ಲಪ್ಪ, ರಾಂಗ್ ನಂಬರ್" ಅಂದು ಇಟ್ಟೆ.

ಅಕ್ಕ ಮಂಚದ ಮೇಲಿಂದಲೇ ತನ್ನ ಮ್ಯಾಜಿಕ್ ಸ್ಲೇಟು ಎತ್ತಿ ಹಿಡಿದಳು. 'ಸುಳ್ಳುಬುರುಕಿ. ಅದೂ ಚೆನ್ನಾಗಿ ಬರಲ್ಲ ನಿಂಗೆ.' ಮೇಲಿನ ಹಾಳೆ ಎಳೆದಳು. ಬರೆದದ್ದು ಮಾಯ.

ಇಪ್ಪತ್ತಾರು ವರ್ಷದಿಂದ ಅವಳ ಮಾತೆಲ್ಲ ಹೀಗೆಯೇ. ಕ್ಯಾನ್ಸರು ಅಂತ ಧ್ವನಿಪೆಟ್ಟಿಗೆ ತೆಗೆದು ಕೊರಳಲ್ಲಿ ಒಂದು ತೂತು ಉಳಿಸಿದರು. ಜಗಳಕ್ಕೆ ಬಿದ್ದರೆ ಅವಳೇ ಗೆಲ್ಲುವುದು. ತನ್ನ ಮಾತು ಮುಗಿದ ತಕ್ಷಣ ಹಾಳೆ ಎಳೆದುಬಿಡುತ್ತಾಳೆ... ಆಮೇಲೆ ನಾನು ಯಾವುದಕ್ಕೆ ಉತ್ತರ ಕೊಡುವುದು?

ಮಾರ್ಚ್ 6, ಗುರುವಾರ

ಫೋನಿನವನು ಬಾಗಿಲಿಗೇ ಬಂದ. ಗಡ್ಡ, ಹೆಗಲಿಗೆ ಕ್ಯಾಮೆರಾ ಚೀಲ, ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂಬ ಗೊಂದಲ. ಸಿನಿಮಾ ಹೇಗೆ ತಯಾರಾಯಿತು ಎಂದು ಒಂದು ಚಿತ್ರ ಮಾಡುತ್ತಿದ್ದಾನಂತೆ. ಹಳೆಯ ಪ್ರಿಂಟನ್ನೂ ಲ್ಯಾಬಿನಲ್ಲಿ ಶುದ್ಧ ಮಾಡಿಸುತ್ತಿದ್ದಾರಂತೆ. ಮೇ ತಿಂಗಳಲ್ಲಿ ದೊಡ್ಡ ಶೋ.

"ಏಳು ವರ್ಷದವನಿದ್ದಾಗ ನೋಡಿದ್ದು ಮೇಡಂ. ಅವತ್ತಿಂದ ನಂಗೆ ಅದೇ ಹುಚ್ಚು. ಆ ಕಾಲದಲ್ಲೇ ಹೆದರಿಕೆ, ನಗು ಎರಡನ್ನೂ ಬೆರೆಸ್ಬೇಕು ಅಂತ ಹೊಳೀತಲ್ಲ, ಎಂಥಾ ತಲೆ!"

ಇದೇ ಮಾತು. ಪತ್ರಿಕೆಯ ಭಾನುವಾರದ ಪುಟದಲ್ಲೂ ಇದೇ. 'ಕಾಲಕ್ಕಿಂತ ಮುಂದಿದ್ದ ಪ್ರಯೋಗ.' ಸಂಪಾದಕರಿಗೆ ಎಷ್ಟು ಪತ್ರ ಬರೆದೆನೋ. ಒಂದನ್ನು ಹಾಕಿದರು, ತಲೆ ಬಾಲ ಕತ್ತರಿಸಿ, ಫುಟ್‌ಪಾತಿನ ದೂರಿನ ಕೆಳಗೆ.

ಕೂರಿಸಿ ಹೇಳಿದೆ. ಯಾರೂ ಏನನ್ನೂ ಬೆರೆಸಲಿಲ್ಲ ಕಣಪ್ಪ. ಅದು ಅಳಿಸುವ ಸಿನಿಮಾ. ಒಬ್ಬಳು ಟೈಲರು. ಸಾಯುತ್ತಾಳೆ. ಸತ್ತ ಮೇಲೂ ಖಾಲಿ ಅಂಗಡಿಯಲ್ಲಿ ಅವಳ ಹೊಲಿಗೆ ಮಿಷನ್ನು ಓಡುತ್ತದೆ. ಮಗಳಿಗೆ ಇನ್ನು ಮುಂದೆ ಬೇಕಾಗುವ ಫ್ರಾಕು ಒಂದೊಂದಾಗಿ ಹೊಲಿಯುತ್ತಾಳೆ, ವರ್ಷಕ್ಕೊಂದು ಅಳತೆ. ಕೊನೆಗೆ ಅವನ್ನೆಲ್ಲ ತೋಳಿನ ಮೇಲೆ ಹೊತ್ತು ತನ್ನ ಮನೆಯ ಬಾಗಿಲು ತಟ್ಟುತ್ತಾಳೆ. "ಬಾಗ್ಲು ತೆಗಿ ಮಗಾ, ಕೈ ಖಾಲಿ ಇಲ್ಲ ನಂಗೆ." ಒಳಗಿರುವ ಮಗು ತೆಗೆಯುವುದಿಲ್ಲ. ಅಷ್ಟೇ.

ಆ ಶಾಟು ತೆಗೆದ ದಿನ ಲೈಟಿನವರೆಲ್ಲ ನೆಲ ನೋಡುತ್ತ ನಿಂತಿದ್ದರು. ನಾನು ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ. ಒಂದು ಶಾಟಿಗೂ ಮುಂದಿನ ಶಾಟಿಗೂ ಮಧ್ಯೆ ಯಾವ ಗುಂಡಿ ಬಿಚ್ಚಿತ್ತು, ಲೋಟದಲ್ಲಿ ನೀರೆಷ್ಟಿತ್ತು, ಯಾವ ಕೈಲಿ ಏನಿತ್ತು – ನೆನಪಿಡುವುದು ನನ್ನ ಕೆಲಸ. ಇವತ್ತಿಗೂ ಮರೆತಿಲ್ಲ. ಅದೇ ನನ್ನ ರೋಗ.

"ಮತ್ತೆ ಕಾಮಿಡಿ ಹೇಗಾಯ್ತು ಮೇಡಂ?"

ಲ್ಯಾಬಿನ ಒಂದು ತಪ್ಪಿನಿಂದಾಯ್ತು. ಪ್ರೊಜೆಕ್ಟರಿನಲ್ಲಿ ಚಿತ್ರ ಬೆಳಗುವ ಜಾಗ ಒಂದು, ದನಿ ಓದುವ ಜಾಗ ಇನ್ನೊಂದು. ಅದಕ್ಕೇ ಫಿಲ್ಮಿನ ಮೇಲೆ ದನಿಯನ್ನು ಸ್ವಲ್ಪ ಮುಂದೆ ಸರಿಸಿ ಅಚ್ಚು ಹಾಕುತ್ತಾರೆ. ನಮ್ಮ ಎಡಿಟರ್ ಸರಿಸಿಯೇ ಕಳಿಸಿದ್ದರು. ಲ್ಯಾಬಿನವರು ಸರಿಸಿಲ್ಲವೆಂದುಕೊಂಡು ಇನ್ನೊಮ್ಮೆ ಸರಿಸಿದರು. ಮೊದಲ ಪ್ರಿವ್ಯೂ. ದೆವ್ವ ಕೈ ಎತ್ತುವ ಮೊದಲೇ ಬಾಗಿಲು ತಟ್ಟಿದ ಸದ್ದು. ಬಾಯಿ ತೆರೆಯುವ ಮೊದಲೇ ಅಳು. ಜನ ಬಿದ್ದು ಬಿದ್ದು ನಕ್ಕರು. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು.

ನಿರ್ದೇಶಕರು ಹೊಸ ಪ್ರಿಂಟು ತೆಗೆಸಿ ಅಂತ ಕೈ ಮುಗಿದರು. ನಿರ್ಮಾಪಕರು ಏನು ಮಾಡಿದರು? ಅದೇ ಕೆಟ್ಟ ಪ್ರಿಂಟನ್ನು ಬೇಕಂತಲೇ ಇನ್ನೊಂದು ಸಲ ಓಡಿಸಿದರು. ಸೌಂಡಿನವರನ್ನು ಮಿಷನ್ನಿನ ಸಮೇತ ಹಾಲಿನಲ್ಲಿ ಕೂರಿಸಿ ಜನರ ನಗು ಹಿಡಿಸಿದರು. ಆ ನಗುವನ್ನು ನಿರ್ದೇಶಕರ ಮುಂದೆ ಹಾಕಿ, "ಕೇಳ್ರೀ, ಇದು ದುಡ್ಡಿನ ಸದ್ದು" ಅಂದರು. ಆಮೇಲೆ ಒಬ್ಬ ಮಿಮಿಕ್ರಿಯವರನ್ನು ಕರೆಸಿ, ಅಕ್ಕ ಡಬ್ ಮಾಡಿದ್ದನ್ನು ಅಳಿಸಿ, ಅವಳ ಬಾಯಿಗೆ ಮೇಕೆ ದನಿ ಕೂರಿಸಿದರು. ಅಕ್ಕನಿಗೆ ಯಾರೂ ಹೇಳಲಿಲ್ಲ. ಬಿಡುಗಡೆಯ ದಿನ, ಅಮ್ಮನ ಜೊತೆ, ಥಿಯೇಟರಿನಲ್ಲೇ ಗೊತ್ತಾಯಿತು. ನಿರ್ದೇಶಕರು ಮತ್ತೆ ಸಿನಿಮಾ ಮಾಡಲಿಲ್ಲ. ಕುಡಿದು ಕುಡಿದೇ ತೀರಿಹೋದರು.

ಗಡ್ಡದವನು ಬರೆದುಕೊಳ್ಳಲೂ ಇಲ್ಲ. ಮುಖ ಇಳಿದಿತ್ತು. ದೇವರಿಲ್ಲ ಅಂದಾಗ ಮಕ್ಕಳ ಮುಖ ಇಳಿಯುತ್ತದಲ್ಲ, ಹಾಗೆ.

ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದ. ನಿರ್ಮಾಪಕರ ಗೋಡೌನಿನಿಂದ ಲ್ಯಾಬಿಗೆ ಬಂದ ಡಬ್ಬಿಗಳಲ್ಲಿ ಒಂದು ಟೇಪಿದೆಯಂತೆ. ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ 'ಪೈಲಟ್ – ಬಾಗಿಲು' ಅಂತಿದೆಯಂತೆ.

ಇನ್ನೊಮ್ಮೆ ಹೇಳು ಅಂದೆ.

ಪೈಲಟ್ ಅಂದರೆ ಶೂಟಿಂಗಿನ ಜಾಗದಲ್ಲೇ ಹಿಡಿದ ದನಿ. ಡಬ್ಬಿಂಗಿನಲ್ಲಿ ನಟರಿಗೆ ಗುರುತಿಗಿರಲಿ ಎಂದು. ಯಾವ ಸ್ಟುಡಿಯೊ ಇಲ್ಲ, ಯಾವ ಮೇಕೆ ಇಲ್ಲ. ಅಕ್ಕನ ಸ್ವಂತ ದನಿ.

ಮಾರ್ಚ್ 7, ಶುಕ್ರವಾರ

ಅಕ್ಕನ ಮಗಳಿಗೆ ಹೇಳದೆ ಇರಲಾಗಲಿಲ್ಲ. ಔಷಧಿ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದಿದ್ದಳು. ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

"ಅಮ್ಮನ ದನಿಯಾ?"

ಆಪರೇಷನ್ ಆದಾಗ ಅವಳಿಗೆ ನಾಲ್ಕು ವರ್ಷ. ಒಂದೂ ನೆನಪಿಲ್ಲ. ಅಕ್ಕನ ದನಿಯಿದ್ದ ಒಂದೇ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹೋಯಿತು. ಅಕ್ಕ ಮಾಡಿದ ಇನ್ನೆರಡು ಸಿನಿಮಾದಲ್ಲೂ ಬೇರೆಯವರೇ ಡಬ್ ಮಾಡಿದ್ದು. ಅಂದರೆ ಈ ಮಗು ತಾಯಿಯ ಬಾಯಿಂದ ಕೇಳಿರುವುದು ಮೇಕೆ ದನಿ ಒಂದೇ. ಚಿಕ್ಕವಳಿದ್ದಾಗ ಟಿವಿಯಲ್ಲಿ ನೋಡಿ, ಶಾಲೆಯಿಂದ ಬಂದು ಬಾಗಿಲು ತಟ್ಟುವಾಗೆಲ್ಲ "ಬಾಗ್ಲು ತೆಗೀ ಮ್ಯಾಆಆ" ಅನ್ನುತ್ತಿದ್ದಳು. ನಾನು ಗದರುತ್ತಿದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು – ಸದ್ದಿಲ್ಲದೆ, ಕೊರಳ ತೂತಿನಿಂದ ಬರೀ ಗಾಳಿ.

"ಹೇಗಿತ್ತು ಚಿಕ್ಕಮ್ಮಾ? ಅಮ್ಮ ಮಾತಾಡಿದ್ರೆ?"

ಹೇಳಲು ಹೋದೆ. ಕೊಂಚ ಒರಟು... ಅಲ್ಲ, ಒರಟಲ್ಲ... ಮಾತಿನ ಕೊನೆ ಮೇಲಕ್ಕೆ ಹೋಗುತ್ತಿತ್ತು... ಆಗಲಿಲ್ಲ. ಎಲ್ಲ ನೆನಪಿದೆ ಎಂದು ಮೆರೆಯುವವಳು ನಾನು. ಗೌನಿನ ಗುಂಡಿ ಎಷ್ಟಿದ್ದವು ಹೇಳಬಲ್ಲೆ. ದನಿ ಮಾತ್ರ ಕಿವಿಯೊಳಗೆ ಎಲ್ಲೋ ಇದೆ, ಕರೆದರೆ ಬರುವುದಿಲ್ಲ.

"ತರ್ಸು ಚಿಕ್ಕಮ್ಮ. ಏನಾದ್ರೂ ಮಾಡು. ನಂಗೆ ಒಂದು ಸಲ ಕೇಳ್ಬೇಕು. ಅಮ್ಮ ಇರೋವಾಗ್ಲೇ."

ಕೊನೆಯ ಮಾತು ಯಾಕೆ ಅಂದಳು ಎಂದು ಕೇಳಲಿಲ್ಲ. ಅಕ್ಕನ ಕೆಮ್ಮು ನಾನೂ ಕೇಳಿಸಿಕೊಳ್ಳುತ್ತಿದ್ದೇನೆ. ಸ್ಕ್ಯಾನಿಗೆ ಬರೆದು ಕೊಟ್ಟಿದ್ದಾರೆ.

ಮಾರ್ಚ್ 12, ಬುಧವಾರ

ನಿರ್ಮಾಪಕರ ಮಗನ ಆಫೀಸು. ಹಕ್ಕೆಲ್ಲ ಈಗ ಇವರದು. ಗಾಜಿನ ಕೋಣೆ. ಗೋಡೆಗೆ ಅಕ್ಕನ ಆಳೆತ್ತರದ ಫೋಟೊ, ಬಾಯಿ ತೆರೆದಿರುವುದು, ಪಕ್ಕದಲ್ಲಿ ಮೇಕೆಯ ಕಾರ್ಟೂನು. ಅದರ ಕೆಳಗೇ ನನಗೆ ಕುರ್ಚಿ ಹಾಕಿಸಿದರು.

ಮರ್ಯಾದಸ್ಥ ಮನುಷ್ಯ. ಜಗಳ ಕಾಯಲು ಹೋದವಳಿಗೆ ಅದೇ ಕಷ್ಟವಾಯಿತು. ಟೇಪು ಕೊಡುತ್ತೇನೆ ಅಂದರು. ಲ್ಯಾಬಿನಲ್ಲಿ ಸರಿ ಮಾಡಿಸಿ, ಕಾಪಿ ತೆಗೆಸಿ, ಮನೆಗೇ ಕಳಿಸುತ್ತಾರಂತೆ.

"ನಿಮ್ಮಿಂದ ಒಂದೇ ಉಪಕಾರ ಮೇಡಂ. ಗಡ್ಡದ ಹುಡುಗನ ಚಿತ್ರದಲ್ಲಿ ನೀವು ಮಾತಾಡ್ಬೇಕು. ಇದು ಶುರುವಿಂದಲೂ ಕಾಮಿಡಿ ಅಂತಾನೇ ಯೋಚಿಸಿದ್ದು, ಅಪ್ಪಾಜಿಯವರದೇ ಐಡಿಯಾ, ಅಷ್ಟು ಹೇಳಿದ್ರೆ ಸಾಕು."

"ಅದು ಸುಳ್ಳು."

"ಗೊತ್ತು."

ತಲೆ ಎತ್ತಿ ನೋಡಿದೆ. ನಿಜವಾಗಿಯೂ ಗೊತ್ತಿತ್ತು ಅವರಿಗೆ.

"ನಮ್ಮಪ್ಪ ಹದಿನಾಲ್ಕು ಸಿನಿಮಾ ತೆಗೆದ್ರು. ಗೆದ್ದಿದ್ದು ಇದೊಂದೇ. ಅದೂ ಲ್ಯಾಬಿನವರ ಎಡವಟ್ಟಿನಿಂದ ಗೆದ್ದಿದ್ದು ಅಂತ ಜಗತ್ತಿಗೆ ಸಾರಿ ನಿಮಗೇನು ಸಿಗುತ್ತೆ ಮೇಡಂ? ಸತ್ತಿದ್ದಾರೆ ಅವರು."

"ನಿರ್ದೇಶಕರೂ ಸತ್ತಿದ್ದಾರೆ."

"ಅವರಿಗೆ ಮಕ್ಕಳಿಲ್ಲ."

ಎಷ್ಟು ಸಲೀಸಾಗಿ ಅಂದುಬಿಟ್ಟರು. ಮಕ್ಕಳಿಲ್ಲದವರ ಪರ ಮಾತಾಡುವವರು ಯಾರು? ಸಿನಿಮಾ ಬಿಟ್ಟ ಮೇಲೆ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳಿಗೆ ಅಷ್ಟು ಗೊತ್ತಿದೆ. ಇತಿಹಾಸ ಬರೆಯುವುದು ಗೋಡೌನಿನ ಬೀಗದ ಕೈ ಇರುವವರು. ಉಳಿದವರು ಸಂಪಾದಕರಿಗೆ ಪತ್ರ ಬರೆಯುತ್ತಾರೆ.

ಆಗುವುದಿಲ್ಲ ಎಂದು ಎದ್ದು ಬಂದೆ. ಲಿಫ್ಟಿನಲ್ಲಿ ಇಬ್ಬರು ಹುಡುಗಿಯರು. ಒಬ್ಬಳ ಫೋನು ಬಡಿದುಕೊಂಡಿತು. "ಬಾಗ್ಲು ತೆಗೀ ಮ್ಯಾಆಆ."

ಮಾರ್ಚ್ 14, ಶುಕ್ರವಾರ

ಸ್ಕ್ಯಾನ್ ಬಂತು. ಎರಡೂ ಶ್ವಾಸಕೋಶ. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು, ಇಲ್ಲಿ, ಇಲ್ಲಿ, ಇಲ್ಲಿ.

ಅಕ್ಕ ಸ್ಲೇಟಿನಲ್ಲಿ ಬರೆದು ಡಾಕ್ಟರಿಗೆ ಹಿಡಿದಳು. 'ಬೇಸಿಗೆ ದಾಟ್ತೀನಾ?'

ಅವರು ನನ್ನ ಮುಖ ನೋಡಿದರು.

ಮಾರ್ಚ್ 15, ಶನಿವಾರ

ಅಕ್ಕನಿಗೆ ಎಲ್ಲ ಹೇಳಿದೆ. ಟೇಪು, ಷರತ್ತು, ಎಲ್ಲ. ಅವಳು ಬೇಡ ಅಂದರೆ ನಾನು ಬಚಾವು ಅಂದುಕೊಂಡಿದ್ದೆ.

'ನೀನು ಸುಳ್ಳು ಹೇಳಿದ್ರೆ ಭೂಮಿ ಬಾಯಿ ಬಿಡುತ್ತಾ?' ಅಂತ ಬರೆದಳು.

"ನಿನಗೆ ಮಾಡಿದ ಅನ್ಯಾಯ ಅದು. ನಾನು ಅದಕ್ಕೆ ಸೈ ಅನ್ನಲಾ?"

ಹಾಳೆ ಎಳೆದು ಮತ್ತೆ ಬರೆದಳು. ಈಗ ಕೈ ಬೇಗ ದಣಿಯುತ್ತದೆ. ಅಕ್ಷರ ಓರೆ. 'ನಲವತ್ತು ವರ್ಷದಿಂದ ನನ್ನ ಪರವಾಗಿ ನೀನೇ ಸಿಟ್ಟಾಗಿದ್ದೀಯ. ನಾನು ಆಗಿಲ್ಲ. ನಂಗೆ ಪುರುಸೊತ್ತೇ ಇರಲಿಲ್ಲ.'

ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ತೊಳೆದೆ. ಹಾಗಾದರೆ ನನ್ನ ಸಿಟ್ಟು ಯಾರದು?

ಬಿಡುಗಡೆಯ ದಿನ ಥಿಯೇಟರಿನಿಂದ ಬಂದು ಅಮ್ಮ ಊಟ ಬಿಟ್ಟು ಕೂತಿದ್ದಳು. ಆಗ ಅಕ್ಕ ಮಾಡಿದ್ದೇನು? ತಟ್ಟೆ ತಂದು ಅಮ್ಮನ ಮುಂದೆ ಇಟ್ಟು, "ಬಾಯಿ ತೆಗೀ ಮ್ಯಾಆಆ" ಅಂದಳು. ಅಮ್ಮ ನಕ್ಕಳು, ಉಂಡಳು. ನಾನು ನಗಲಿಲ್ಲ. ಇವತ್ತಿಗೂ ನಕ್ಕಿಲ್ಲ.

ಮಾರ್ಚ್ 20, ಗುರುವಾರ

ಹೇಳಿದೆ.

ನಮ್ಮ ಹಾಲಿನಲ್ಲೇ ಲೈಟು ಹಾಕಿದರು. ಗಡ್ಡದವನು ಕಾಲರಿಗೆ ಮೈಕು ಸಿಕ್ಕಿಸಿದ. ಸಿಕ್ಕಿಸಿದ್ದನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ. ನಿಜ ಏನೆಂದು ಅವನಿಗೂ ಗೊತ್ತಲ್ಲ. ಹದಿನೈದು ದಿನದ ಹಿಂದೆ ಇದೇ ಕುರ್ಚಿಯಲ್ಲಿ ಕೇಳಿದ್ದಾನೆ.

"ಮೇಡಂ, ನೀವು ಬೇಡ ಅಂದ್ರೆ ನಾನು ಹೇಗಾದ್ರೂ..."

"ಓಡ್ಸಪ್ಪ ನಿನ್ ಕ್ಯಾಮೆರಾ."

"ಹೌದು, ಮೊದಲಿನಿಂದಲೂ ಹಾಸ್ಯದ ಸಿನಿಮಾನೇ. ನಿರ್ಮಾಪಕರಿಗೆ ಹೊಳೆದದ್ದು. ಸೆಟ್ಟಿನಲ್ಲಿ ನಾವೆಲ್ಲ ನಕ್ಕೂ ನಕ್ಕೂ ಸುಸ್ತಾಗ್ತಿದ್ವಿ." ಕೊನೆಯ ವಾಕ್ಯ ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ. ಸುಳ್ಳು ಹೇಳಲು ಶುರು ಮಾಡಿದರೆ ಕೈ ಸಡಿಲವಾಗುತ್ತದೆ.

"ನಿರ್ದೇಶಕರು ಒಪ್ಪಿದ್ರಾ?" ಅಂತ ಕೇಳಿದ. ಕೇಳಬೇಕಿತ್ತಂತೆ, ನಿರ್ಮಾಪಕರ ಮಗ ಕೊಟ್ಟ ಪ್ರಶ್ನೆಗಳಲ್ಲಿ ಅದೂ ಇತ್ತಂತೆ.

"ಖುಷಿಯಿಂದ" ಅಂದೆ.

ಕೈ ಮುಗಿದು ನಿಂತಿದ್ದರು ಆ ಮನುಷ್ಯ. ಪ್ರಿವ್ಯೂ ಥಿಯೇಟರಿನ ಹೊರಗೆ, ಬಿಸಿಲಲ್ಲಿ, ಅಂಗಿಯ ಬೆನ್ನು ಪೂರ್ತಿ ಒದ್ದೆ.

ಕ್ಯಾಮೆರಾ ನಿಂತ ಮೇಲೆ ಬಾಗಿಲ ಪರದೆಯ ಹಿಂದಿನಿಂದ ಚಪ್ಪಾಳೆ. ಅಕ್ಕ. ಮಗಳ ತೋಳು ಹಿಡಿದುಕೊಂಡು ನಿಂತಿದ್ದಾಳೆ. ಸ್ಲೇಟು: 'ನಟನೆ ನಿನ್ನ ಕೈಲೂ ಆಗ್ತಿತ್ತು ಪುಟ್ಟಿ. ನಾವೇ ಕೆಡಿಸಿದ್ವಿ.'

ಪುಟ್ಟಿ. ಅರವತ್ತೆರಡು ವರ್ಷದ ಪುಟ್ಟಿ.

ಏಪ್ರಿಲ್ 4, ಶುಕ್ರವಾರ

ಕಾಪಿ ಮನೆಗೆ ಬರುವವರೆಗೆ ಕಾಯಲಾಗದೆ ಲ್ಯಾಬಿಗೇ ಹೋಗಿದ್ದೆ, ಅಕ್ಕನ ಮಗಳ ಜೊತೆ. ಅವಳು ರಜೆ ಹಾಕಿದ್ದಳು. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು, ಯಾರನ್ನೋ ನೋಡಲು ಹೋಗುವ ಹಾಗೆ.

ಟೇಪಿನ ಅಂಟು ಕರಗಿ ಜಿಗುಟಾಗಿತ್ತಂತೆ. ಹಾಗೇ ಓಡಿಸಿದರೆ ಮೇಲಿನ ಲೇಪನ ಕಿತ್ತು ಬರುತ್ತದೆ, ಅದರ ಜೊತೆ ದನಿಯೂ. ಅದಕ್ಕೆ ಸಣ್ಣ ಕಾವಿನ ಪೆಟ್ಟಿಗೆಯಲ್ಲಿ ಒಂದು ಹಗಲು ಇಟ್ಟು ಒಣಗಿಸಿದ್ದರು. "ಬ್ರೆಡ್ಡಿನ ಥರಾ" ಅಂದರು ಟೆಕ್ನೀಷಿಯನ್. ನಾವಿಬ್ಬರೂ ನಗಲಿಲ್ಲ. ಪಾಪ, ಅವರು ಟೇಪು ಏರಿಸಲು ತಿರುಗಿದರು.

ನಮ್ಮ ಮುಂದೆಯೇ ಓಡಿಸಿದರು. ಚಕ್ರ ತಿರುಗಿತು. ಸ್ಪೀಕರಿನಲ್ಲಿ ಗರಗರ.

ಆಮೇಲೆ ನಗು.

ಒಬ್ಬರದಲ್ಲ. ಇಡೀ ಹಾಲಿನದು. ಅಲೆ ಅಲೆಯಾಗಿ. ಮಧ್ಯೆ ಒಬ್ಬ ಉಸಿರು ಕಟ್ಟಿ ಕೆಮ್ಮುತ್ತಾನೆ. ಒಂದು ಹೆಂಗಸು "ಅಯ್ಯೋ ಸಾಕಪ್ಪಾ" ಅನ್ನುತ್ತಾಳೆ. ಮತ್ತೆ ನಗು.

ಅಕ್ಕನ ಮಗಳು ನನ್ನ ಕಡೆ ತಿರುಗಿದಳು. "ಅಮ್ಮ ಯಾವಾಗ ಬರ್ತಾಳೆ?"

ನನಗೆ ಅರ್ಥವಾಗಿತ್ತು. ನಿರ್ಮಾಪಕರು ಹಾಲಿನಲ್ಲಿ ನಗು ಹಿಡಿ ಅಂದಾಗ ಸೌಂಡಿನವರು ಯಾವ ಟೇಪು ತೆಗೆದುಕೊಂಡು ಹೋದರು? ಹೊಸ ಟೇಪು ಯಾರು ಕೊಡುತ್ತಿದ್ದರು ಆಗ? ಡಬ್ಬಿಂಗ್ ಮುಗಿದ ಮೇಲೆ ಪೈಲಟ್ಟಿಗೆ ಬೆಲೆಯಿಲ್ಲ, ಅದರ ಮೇಲೇ ಇನ್ನೊಂದನ್ನು ಹಿಡಿಯುವುದು ಎಲ್ಲರ ರೂಢಿ. ಪಾಪ, ಅವರ ತಪ್ಪಲ್ಲ. ಕೈಗೆ ಸಿಕ್ಕ ಹಳೇ ಟೇಪು ಹಾಕಿದರು. ಅಕ್ಕನ ಮಾತಿನ ಮೇಲೆ ಅಕ್ಕನಿಗೆ ಬಿದ್ದ ನಗು. ಪೆಟ್ಟಿಗೆಯ ಮೇಲಿನ ಹೆಸರು ಅಳಿಸಲು ಮಾತ್ರ ಮರೆತರು.

ಮಿಷನ್ನು ನಿಲ್ಲಿಸಿ ಅಂದೆ. ಟೆಕ್ನೀಷಿಯನ್ ನಿಲ್ಲಿಸಲಿಲ್ಲ. "ಕೊನೇವರೆಗೂ ಬಿಡಿ ಅಮ್ಮಾ. ಕೆಲವು ಸಲ ಹಳೇದರ ಬಾಲ ಉಳ್ಕೊಂಡಿರುತ್ತೆ."

ಕೂತೆವು. ನಕ್ಕರು, ನಕ್ಕರು, ನಕ್ಕರು. ಆಮೇಲೆ ಟಕ್ ಅಂತ ಒಂದು ಸದ್ದು. ನಗು ನಿಂತಿತು. ಬೇರೆ ಥರದ ಮೌನ, ಬಯಲಿನದು. ದೂರದಲ್ಲಿ ಜನರೇಟರು.

"ಪುಟ್ಟೀ, ನಾನು ಯಾವ ಕೈಲಿ ಹಿಡ್ಕೊಂಡಿದ್ದೆ?"

"ಎಡಗೈ ಅಕ್ಕಾ."

"ಎಡಗೈನಾ? ಸರಿ."

ಯಾರೋ "ರೋಲ್" ಅನ್ನುತ್ತಾರೆ. ಟೇಪು ಮುಗಿಯಿತು. ಚಕ್ರ ಖಾಲಿ ತಿರುಗಿತು, ಟೇಪಿನ ತುದಿ ಪಟಪಟ ಹೊಡೆದುಕೊಂಡಿತು.

ಅಷ್ಟೇ. ಬಾಗಿಲು ತಟ್ಟುವ ಮೊದಲಿನ ಮಾತು. ಫ್ರಾಕುಗಳನ್ನು ಯಾವ ತೋಳಿನ ಮೇಲೆ ಹಾಕಿಕೊಂಡಿದ್ದೆ ಎಂದು ಕೇಳಿದ್ದು. ಹಿಂದಿನ ಶಾಟಿನಲ್ಲಿ ಎಡಗೈ ಮೇಲಿದ್ದವು. ಬಲಗೈಯಿಂದ ತಟ್ಟಬೇಕಿತ್ತು.

ಅಕ್ಕನ ಮಗಳು ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ" ಅಂದಳು. ಇನ್ನೊಂದ್ಸಲ. ಇನ್ನೊಂದ್ಸಲ. ಟೆಕ್ನೀಷಿಯನ್ ಎದ್ದು ಹೊರಗೆ ಹೋದರು.

ಇದಕ್ಕಾಗಿ ಸುಳ್ಳು ಹೇಳಿದೆ. ಸತ್ತವರ ಬೆನ್ನಿಗೆ ಇರಿದೆ.

ಏಪ್ರಿಲ್ 5, ಶನಿವಾರ, ಬೆಳಗ್ಗೆ

ಅಕ್ಕನಿಗೆ ಕೇಳಿಸಿದೆವು. ದಿಂಬು ಎತ್ತರ ಮಾಡಿ, ಫೋನನ್ನು ಕಿವಿಯ ಹತ್ತಿರ ಇಟ್ಟು. ಮಗಳು ನಗುವನ್ನೆಲ್ಲ ದಾಟಿಸಿ ನೇರ ಕೊನೆಗೆ ತಂದಿದ್ದಳು.

"ಪುಟ್ಟೀ, ನಾನು ಯಾವ ಕೈಲಿ ಹಿಡ್ಕೊಂಡಿದ್ದೆ?"

ಅಕ್ಕ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಹಾಕು ಎಂದು ಬೆರಳು ತಿರುಗಿಸಿದಳು. ಮಗಳು ಹಾಕಿದಳು. ಅಕ್ಕ ಸ್ಲೇಟಿಗೆ ಕೈ ಚಾಚಿದಳು.

'ಎಡಗೈ ಅಂದಿದ್ದು ನೀನು. ಎಷ್ಟು ಎಳೇ ದನಿ!'

ಹಾಳೆ ಎಳೆದಳು. ಬರೆದಳು.

'ಇನ್ನೊಬ್ಬಳು ಯಾರು?'

ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

"ನೀನೇ ಅಮ್ಮ. ಅದು ನೀನೇ."

ಅಕ್ಕ ತಲೆ ಅಡ್ಡ ಆಡಿಸಿದಳು. ಸುಮ್ಮನೆ ತಮಾಷೆ ಮಾಡಬೇಡ ಅನ್ನುವ ಹಾಗೆ. ಮತ್ತೆ ಕೇಳಿದಳು. ಮತ್ತೆ. ಮುಖದಲ್ಲಿ ಏನೂ ಮೂಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಗುರುತು ಹಿಡಿದು ಮಾತಾಡಿಸಿದರೆ ನಾವು ಇಡುತ್ತೇವಲ್ಲ, ಅಂಥ ಮುಖ. ಮಗಳಿಗೆ ಬೇಜಾರಾಗಬಾರದೆಂದು ಕೊನೆಗೆ 'ಇರಬಹುದು' ಅಂತ ಬರೆದಳು. ಹಾಳೆ ಎಳೆದಳು.

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನ ಹಿಂದಿನಿಂದ ಕೇಳಿಸುತ್ತಿತ್ತು. ಯಾವ ಕೈಲಿ ಹಿಡ್ಕೊಂಡಿದ್ದೆ. ಯಾವ ಕೈಲಿ ಹಿಡ್ಕೊಂಡಿದ್ದೆ.

ಏಪ್ರಿಲ್ 21, ಸೋಮವಾರ

ಗಡ್ಡದವನಿಗೆ ಫೋನ್ ಮಾಡಿದೆ. ನಾನು ಹೇಳಿದ್ದನ್ನು ತೆಗಿ, ನಿಜ ಹೇಳುತ್ತೇನೆ, ಮತ್ತೆ ಕ್ಯಾಮೆರಾ ತಾ ಅಂದೆ.

"ಎಡಿಟಿಂಗ್ ಮುಗಿದು ಹೋಗಿದೆ ಮೇಡಂ. ನಿರ್ಮಾಪಕರ ಮಗ ಒಪ್ಪಿ ಸಹಿನೂ ಹಾಕಿದ್ದಾರೆ." ಆಮೇಲೆ ದನಿ ತಗ್ಗಿಸಿದ. "ಒಂದ್ ಮಾತು ಹೇಳ್ಲಾ? ನೀವು ನಿಜ ಹೇಳಿದ ದಿನ ನಾನು ಮನೆಗೆ ಹೋಗಿ ಸಿನಿಮಾ ಮತ್ತೆ ನೋಡ್ದೆ. ಸೌಂಡ್ ಆಫ್ ಮಾಡಿ. ಕೊನೇ ಸೀನಿನವರೆಗೂ ಕೂರಕ್ಕಾಗ್ಲಿಲ್ಲ."

"ಹಾಗಾದ್ರೆ ಅದನ್ನೇ ಹೇಳಪ್ಪ ನಿನ್ ಚಿತ್ರದಲ್ಲಿ."

"ನನ್ ಮಾತು ಯಾರು ಕೇಳ್ತಾರೆ ಮೇಡಂ. ಕಣ್ಣಾರೆ ಕಂಡವರು ನೀವು. ನೀವೇ ನಕ್ಕೂ ನಕ್ಕೂ ಸುಸ್ತಾದ್ವಿ ಅಂದಿದ್ದೀರಿ."

ಮೇ 4, ಭಾನುವಾರ

ಟ್ರೈಲರ್ ಬಂದಿದೆ. ನಾನಿದ್ದೇನೆ. ನನ್ನ ಮುಖ, ಕೆಳಗೆ 'ಪ್ರತ್ಯಕ್ಷದರ್ಶಿ' ಎಂದು. ಹಾಲು ಹಾಕುವವರೂ ನೋಡಿದ್ದಾರೆ. "ಏನಮ್ಮಾ, ಎಷ್ಟೊಂದು ಮಜಾ ಮಾಡಿದ್ದೀರಿ ಆಗೆಲ್ಲ!"

ಅಕ್ಕನಿಗೆ ಆಕ್ಸಿಜನ್ ಮನೆಗೇ ತರಿಸಿದ್ದೇವೆ. ಶೋಗೆ ಹೋಗಲೇಬೇಕಂತೆ. ಈ ಸ್ಥಿತಿಯಲ್ಲಿ! ಬೈದೆ. ಆ ಅರಚಾಟ ಕೇಳಿಸಿಕೊಳ್ಳಲು ಹೋಗುತ್ತೀಯಾ? ಮಾನ ಬೇಡವಾ?

'ಇಡೀ ಹಾಲು ನನ್ನ ಮಾತು ಆಡುತ್ತೆ. ನಂಗಂತೂ ಆಗಲ್ಲ.'

ಮುಂದೆ ಇನ್ನೂ ಬರೆಯಲು ಹೊರಟಳು. ಪೆನ್ನು ಜಾರಿತು.

ಮೇ 17, ಶನಿವಾರ, ಸಂಜೆ

ಆಸ್ಪತ್ರೆ. ಮಂಗಳವಾರದಿಂದ ಇಲ್ಲೇ.

ಇವತ್ತೇ ಶೋ. ಮಗಳು ಹೋಗುವುದಿಲ್ಲ ಅಂದಳು. ಅಕ್ಕ ಕಣ್ಣು ದೊಡ್ಡದು ಮಾಡಿದಳು. ಹೋದಳು. ಅಮ್ಮನ ಬದಲು ವೇದಿಕೆ ಹತ್ತಿ ಫಲಕ ತೆಗೆದುಕೊಳ್ಳಬೇಕು.

ಈಗ ತಾನೇ ಫೋನು ಬಂತು. "ಚಿಕ್ಕಮ್ಮಾ, ಬಾಗಿಲಿನ ಸೀನು ಬರ್ತಿದೆ. ಅಮ್ಮನ ಕಿವಿಗಿಡು."

ಇಟ್ಟೆ. ನಾನೂ ಬಗ್ಗಿ ಕೇಳಿಸಿಕೊಂಡೆ. ಮೊದಲು ಹೊಲಿಗೆ ಮಿಷನ್ನಿನ ಸದ್ದು. ಆಮೇಲೆ ತಟ್ಟಿದ ಸದ್ದು. ಲ್ಯಾಬಿನವರು ಈಗ ಅದನ್ನೂ ಸರಿಯಾಗಿ ಕೂರಿಸಿದ್ದಾರೇನೋ. ಆಮೇಲೆ ಎಲ್ಲರೂ. ನೂರಾರು ಜನ ಒಂದೇ ಬಾಯಲ್ಲಿ.

"ಬಾಗ್ಲು ತೆಗೀ ಮಗ್ಯಾಆಆ, ಕೈ ಖಾಲಿ ಇಲ್ಲ ನಂಗ್ಯಾಆಆ."

ನಗು. ಅದೇ ನಗು. ನಲವತ್ತು ವರ್ಷ ಕಳೆದರೂ ಒಂದಿಷ್ಟೂ ಬದಲಾಗಿಲ್ಲ. ಕೆಮ್ಮುವವನೂ ಇದ್ದಾನೆ.

ಅಕ್ಕನ ತುಟಿ ಅಲುಗಿತು. ಅವರ ಜೊತೆ ಹೇಳುತ್ತಿದ್ದಾಳೋ, ಉಸಿರಿಗಾಗಿಯೋ... ತಿಳಿಯಲಿಲ್ಲ.

ಸ್ಲೇಟು ಬೇಕೆಂದು ಸನ್ನೆ ಮಾಡಿದಳು. ಎದೆಯ ಮೇಲೆ ಹಿಡಿದುಕೊಟ್ಟೆ. ಬರೆಯಲು ತುಂಬ ಹೊತ್ತು ಹಿಡಿಯಿತು. ಅಕ್ಷರ ಒಂದರ ಮೇಲೊಂದು.

'ಪುಟ್ಟಿ, ಯಾವ ಕೈ?'

ಫೋನಿನಲ್ಲಿ ಇನ್ನೂ ನಗುತ್ತಿದ್ದರು. ಕಟ್ ಮಾಡಿದೆ.

"ಎಡಗೈ ಅಕ್ಕಾ" ಅಂದೆ.

ಎಡಗೈ ಎತ್ತಿದಳು. ಡ್ರಿಪ್ಪಿನ ಸೂಜಿಯಿರುವ ಕೈ. ಮೊಣಕೈ ಮಡಚಿ, ಎದೆಯ ಮುಂದೆ ಅಡ್ಡ ಹಿಡಿದಳು, ಭಾರ ಹೊತ್ತ ಹಾಗೆ. ಟ್ಯೂಬು ಎಳೆಯಿತು. ಇಳಿಸು ಅಕ್ಕಾ ಅಂದರೂ ಇಳಿಸಲಿಲ್ಲ. ನರ್ಸು ಕೈ ಬಿಡಿಸಲು ಬಂದರು, ಬೇಡ, ಸ್ವಲ್ಪ ಹೊತ್ತು ಹಾಗೇ ಇರಲಿ ಅಂತ ನಾನೇ ತಡೆದೆ. ಈಗ ಬಲಗೈ ಎತ್ತುತ್ತಿದ್ದಾಳೆ, ಬೆರಳು ಮಡಚಿ, ಮಂಚದ ಕಂಬಿಯ ಮೇಲೆ ತಟ್ಟಲು...